ಲೊಕೇಲ್ ಹೊಂದಿಕೆಗಳು ಮತ್ತು ಕನ್ನಡ ಪಠ್ಯಕೋಶ: ಎಣಿಕೆ, ಅನುಕ್ರಮ ಹಾಗೂ ಸಮಾನತೆಯ ಪ್ರಶ್ನೆಗಳು

ಸಾರಾಂಶ

ಗಣಕದ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇರುವ ಲೊಕೇಲ್ ಹೊಂದಿಕೆಯನ್ನು ಸಾಮಾನ್ಯವಾಗಿ ದಿನಾಂಕ, ಹಣದ ಚಿಹ್ನೆ, ಪರದೆಯ ಭಾಷೆ ಇವುಗಳಿಗೆ ಸಂಬಂಧಿಸಿದ ಅನುಕೂಲವೆಂದು ಮಾತ್ರ ತಿಳಿಯಲಾಗಿದೆ. ಪಠ್ಯಕೋಶಗಳೊಡನೆ ಕೆಲಸ ಮಾಡುವ ಭಾಷಾವಿಜ್ಞಾನಿಗೆ ಈ ತಿಳಿವಳಿಕೆ ಸಾಲದು. ಯಾವುದು ಅಕ್ಷರ, ಯಾವ ಪದ ಯಾವುದಕ್ಕಿಂತ ಮೊದಲು, ಯಾವ ಎರಡು ರೂಪಗಳು ಒಂದೇ ಎಂಬ ಮೂರು ಪ್ರಶ್ನೆಗಳಿಗೆ ತಂತ್ರಾಂಶ ಕೊಡುವ ಉತ್ತರ ಬಹುಪಾಲು ಲೊಕೇಲ್ ದತ್ತಾಂಶದಿಂದ ಬರುತ್ತದೆ. ಕನ್ನಡದ ನಿದರ್ಶನಗಳ ಮೂಲಕ ಈ ಮೂರು ಉತ್ತರಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಲೊಕೇಲ್ ಎಂಬುದು ಭಾಷೆಯ ಒಂದು ಸಂಕ್ಷಿಪ್ತ ವರ್ಣನೆ. ಆದುದರಿಂದ ಅದನ್ನು ಸಂಶೋಧನ ವಿಧಾನದ ಭಾಗವಾಗಿ ದಾಖಲಿಸಬೇಕು ಮತ್ತು ವರ್ಣನೆಯಾಗಿಯೇ ವಿಮರ್ಶೆಗೆ ಒಳಪಡಿಸಬೇಕು ಎಂಬುದು ನಮ್ಮ ವಾದ.

ಕೀಲಿಪದಗಳು: ಲೊಕೇಲ್, ಅಕಾರಾದಿ ಅನುಕ್ರಮ, ಯೂನಿಕೋಡ್, ಪಠ್ಯಕೋಶ ಭಾಷಾವಿಜ್ಞಾನ, ಮರುಪರಿಶೀಲನೆ

1. ಪೀಠಿಕೆ

ಒಂದೇ ಪಠ್ಯಕೋಶ, ಒಂದೇ ಆದೇಶಸರಣಿ, ಎರಡು ಗಣಕಗಳು. ಒಂದರಲ್ಲಿ ದೊರೆತ ಪದಪಟ್ಟಿಗೂ ಇನ್ನೊಂದರಲ್ಲಿ ದೊರೆತ ಪದಪಟ್ಟಿಗೂ ಅನುಕ್ರಮದಲ್ಲಿ ಮಾತ್ರವಲ್ಲದೆ ಸಂಖ್ಯೆಯಲ್ಲಿಯೂ ವ್ಯತ್ಯಾಸ ಬರಬಹುದು. ಇದನ್ನು ತಂತ್ರಾಂಶದ ದೋಷವೆಂದು ಭಾವಿಸುವುದು ಸಹಜ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಗಣಕಗಳು ತಮಗೆ ಹೇಳಿದ್ದನ್ನೇ ನಿಷ್ಠೆಯಿಂದ ಮಾಡಿರುತ್ತವೆ. ಹೇಳಿದ್ದು ಮಾತ್ರ ಬೇರೆಯಾಗಿರುತ್ತದೆ. ಹೇಳಿದವರು ಸಂಶೋಧಕರಲ್ಲ, ಗಣಕವನ್ನು ಮೊದಲು ಸಿದ್ಧಗೊಳಿಸಿದಾಗ ಆಯ್ದುಕೊಂಡ ಭಾಷೆ ಮತ್ತು ಪ್ರದೇಶ.

ಭಾಷಾವಿಜ್ಞಾನದಲ್ಲಿ ನಾವು ದತ್ತಾಂಶದ ಮೂಲ, ಲಿಪ್ಯಂತರದ ಪದ್ಧತಿ, ಟಿಪ್ಪಣಿಯ ಸಂಕೇತಗಳು, ಸಂಖ್ಯಾಶಾಸ್ತ್ರೀಯ ಮಾದರಿ ಇವೆಲ್ಲವನ್ನೂ ವಿಧಾನವಿಭಾಗದಲ್ಲಿ ನಮೂದಿಸುತ್ತೇವೆ. ಲೊಕೇಲ್ ಈ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅದು ಕಾಣಿಸಿಕೊಳ್ಳಬೇಕಾದ ಕಾರಣಗಳನ್ನು ಮುಂದಿನ ಭಾಗಗಳಲ್ಲಿ ಒಂದೊಂದಾಗಿ ನೋಡೋಣ.

2. ಲೊಕೇಲ್‌ನ ರಚನೆ

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಲೊಕೇಲ್‌ನ ಹೆಸರು ಮೂರು ಅಂಶಗಳಿಂದ ಕೂಡಿರುತ್ತದೆ: ಭಾಷೆ, ದೇಶ, ಸಂಕೇತೀಕರಣ. ಕನ್ನಡದ ಲೊಕೇಲ್ ಅನ್ನು ‘ಕೆಎನ್_ಐಎನ್.ಯುಟಿಎಫ್-8’ ಎಂದು ಬರೆಯುತ್ತಾರೆ. ‘ಕೆಎನ್’ ಕನ್ನಡದ ಭಾಷಾಸಂಕೇತ, ‘ಐಎನ್’ ಭಾರತದ ದೇಶಸಂಕೇತ, ‘ಯುಟಿಎಫ್-8’ ಯೂನಿಕೋಡ್‌ನ ಒಂದು ಸಂಕೇತೀಕರಣ. ಪೋಸಿಕ್ಸ್ ಮಾನಕ ಈ ಹೆಸರಿನ ಕೆಳಗೆ ಆರು ವಿಭಾಗಗಳನ್ನು ಗುರುತಿಸುತ್ತದೆ: ಅಕ್ಷರಗಳ ವರ್ಗೀಕರಣ (ಸಿಟೈಪ್), ಅಕಾರಾದಿ ಅನುಕ್ರಮ (ಕೊಲೇಟ್), ಸಂಖ್ಯೆ (ನ್ಯೂಮೆರಿಕ್), ಹಣ (ಮಾನಿಟರಿ), ಸಮಯ (ಟೈಮ್), ಸಂದೇಶ (ಮೆಸೇಜಸ್). ಇವು ಪರಸ್ಪರ ಸ್ವತಂತ್ರ. ಸಂದೇಶಗಳು ಇಂಗ್ಲಿಷಿನಲ್ಲಿ, ಅನುಕ್ರಮ ಕನ್ನಡದಲ್ಲಿ, ಸಂಖ್ಯೆ ಜರ್ಮನಿಯ ಪದ್ಧತಿಯಲ್ಲಿ ಇರುವಂತೆ ಹೊಂದಿಸಲು ಸಾಧ್ಯವಿದೆ.

ಈ ವಿಭಾಗಗಳ ಮೌಲ್ಯವನ್ನು ನಿರ್ಧರಿಸುವಾಗ ಒಂದು ಮೇಲುಕೆಳಗಿನ ಕ್ರಮವಿದೆ. ‘ಎಲ್‌ಸಿ_ಆಲ್’ ಎಂಬ ಚರಕ್ಕೆ ಮೌಲ್ಯವಿದ್ದರೆ ಅದು ಎಲ್ಲ ವಿಭಾಗಗಳನ್ನೂ ಆಳುತ್ತದೆ; ಇಲ್ಲದಿದ್ದರೆ ಆಯಾ ವಿಭಾಗದ ಚರ; ಅದೂ ಇಲ್ಲದಿದ್ದರೆ ‘ಲ್ಯಾಂಗ್’ ಎಂಬ ಚರ. ಯಾವುದೂ ಇಲ್ಲದಿದ್ದಾಗ ಸಾಮಾನ್ಯವಾಗಿ ‘ಸಿ’ ಎಂಬ ಹೆಸರಿನ ಲೊಕೇಲ್ ಜಾರಿಗೆ ಬರುತ್ತದೆ. ಇದಕ್ಕೆ ‘ಪೋಸಿಕ್ಸ್’ ಲೊಕೇಲ್ ಎಂಬ ಹೆಸರೂ ಉಂಟು. ಇದರಲ್ಲಿ ಹೋಲಿಕೆ ನಡೆಯುವುದು ಬೈಟ್‌ಗಳ ಸಂಖ್ಯಾಮೌಲ್ಯದ ಮೇಲೆ. ಭಾಷೆಯ ಪರಿಗಣನೆ ಇಲ್ಲ.

ಹೆಸರು ಒಂದೇ ಆದರೂ ಅದರ ಹಿಂದಿನ ದತ್ತಾಂಶ ಒಂದೇ ಅಲ್ಲ. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಹುಮಟ್ಟಿಗೆ ಜಿಎನ್‌ಯು ಸಿ ಲೈಬ್ರರಿ (ಗ್ಲಿಬ್‌ಸಿ) ತನ್ನದೇ ಲೊಕೇಲ್ ಕಡತಗಳನ್ನು ಬಳಸುತ್ತದೆ. ಯೂನಿಕೋಡ್ ಕನ್ಸೋರ್ಟಿಯಂ ನಿರ್ವಹಿಸುವ ಸಾಮಾನ್ಯ ಲೊಕೇಲ್ ದತ್ತಾಂಶ ಭಂಡಾರ (ಸಿಎಲ್‌ಡಿಆರ್) ಮತ್ತೊಂದು ಮೂಲ. ಅದನ್ನು ಐಸಿಯು ಎಂಬ ಲೈಬ್ರರಿಯ ಮೂಲಕ ಅನೇಕ ತಂತ್ರಾಂಶಗಳು ಓದುತ್ತವೆ. ಜಾವಾ 2017ರ ತನ್ನ 9ನೆಯ ಆವೃತ್ತಿಯಿಂದ ಸಿಎಲ್‌ಡಿಆರ್ ದತ್ತಾಂಶವನ್ನೇ ಮೊದಲ ಆಯ್ಕೆಯಾಗಿ ಬಳಸುತ್ತಿದೆ. ಹಾಗಾಗಿ ‘ಕನ್ನಡ ಲೊಕೇಲ್ ಬಳಸಿದ್ದೇವೆ’ ಎಂಬ ಹೇಳಿಕೆ ಅಪೂರ್ಣ. ಯಾರ ಕನ್ನಡ ಲೊಕೇಲ್, ಯಾವ ಆವೃತ್ತಿಯದು ಎಂಬ ಪ್ರಶ್ನೆ ಉಳಿಯುತ್ತದೆ.

3. ಎಣಿಕೆ: ಅಕ್ಷರವೆಂದರೆ ಯಾವುದು?

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಮಗು ಮೂರು ಎನ್ನುತ್ತದೆ: ಕ, ನ್ನ, ಡ. ಧ್ವನಿಮಾವಿಜ್ಞಾನಿ ಏಳು ಧ್ವನಿಮಾಗಳನ್ನು ಎಣಿಸುತ್ತಾನೆ. ಯೂನಿಕೋಡ್‌ನಲ್ಲಿ ಈ ಪದಕ್ಕೆ ಐದು ಸಂಕೇತಬಿಂದುಗಳು: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುವುದರಿಂದ ಒಟ್ಟು 15 ಬೈಟ್‌ಗಳು.

ಅಕ್ಷರಗಳನ್ನು ಎಣಿಸಿಕೊಡು ಎಂಬ ಒಂದೇ ಆದೇಶಕ್ಕೆ ಯುಟಿಎಫ್-8 ಲೊಕೇಲ್‌ನಲ್ಲಿ 5 ಎಂಬ ಉತ್ತರವೂ ‘ಸಿ’ ಲೊಕೇಲ್‌ನಲ್ಲಿ 15 ಎಂಬ ಉತ್ತರವೂ ಬರುತ್ತವೆ. ಇಂಗ್ಲಿಷ್ ಪಠ್ಯದಲ್ಲಿ ಈ ಎರಡು ಸಂಖ್ಯೆಗಳು ಬಹುಪಾಲು ಒಂದೇ ಆಗಿರುವುದರಿಂದ ಅಲ್ಲಿ ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಪದಗಳ ಸರಾಸರಿ ಉದ್ದವನ್ನು ಹೋಲಿಸುವ ಅಧ್ಯಯನವೊಂದನ್ನು ‘ಸಿ’ ಲೊಕೇಲ್ ಇರುವ ಸರ್ವರ್‌ನಲ್ಲಿ ನಡೆಸಿದರೆ ಕನ್ನಡದ ಪದಗಳು ಮೂರು ಪಟ್ಟು ಹಿಗ್ಗಿ ಕಾಣುತ್ತವೆ. ಯುಟಿಎಫ್-8 ಲೊಕೇಲ್ ಆ ಹಿಗ್ಗನ್ನು ತೆಗೆಯುತ್ತದೆ. ಆದರೆ ಅದು ಕೊಡುವ 5 ಎಂಬ ಸಂಖ್ಯೆ ಕನ್ನಡದ ಯಾವ ಭಾಷಿಕ ಘಟಕಕ್ಕೂ ಹೊಂದುವುದಿಲ್ಲ. ಅದು ಅಕ್ಷರವೂ ಅಲ್ಲ, ಧ್ವನಿಮಾವೂ ಅಲ್ಲ.

ಓದುಗನು ಒಂದು ಅಕ್ಷರವೆಂದು ಗ್ರಹಿಸುವ ಘಟಕವನ್ನು ಹಿಡಿಯಲು ಯೂನಿಕೋಡ್ ‘ಗ್ರಾಫೀಮ್ ಗುಚ್ಛ’ ಎಂಬ ಪರಿಕಲ್ಪನೆಯನ್ನು ಕೊಟ್ಟಿದೆ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಡೆಯದಂತೆ ತಡೆಯುವ ನಿಯಮವೊಂದು ಸೇರಿತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಪರಿಣಾಮವಾಗಿ ಆ ಆವೃತ್ತಿಯ ಪ್ರಕಾರ ತೆಲುಗಿನ ‘ನ್ನ’ ಒಂದು ಗುಚ್ಛ, ಕನ್ನಡದ ‘ನ್ನ’ ಎರಡು. ‘ಕನ್ನಡ’ ಪದದಲ್ಲಿ ನಾಲ್ಕು ಗುಚ್ಛಗಳು. ಎರಡು ಭಾಷೆಗಳ ಅಕ್ಷರರಚನೆಯಲ್ಲಿ ಇಲ್ಲದ ಭೇದ ದತ್ತಾಂಶದ ಕೋಷ್ಟಕದಿಂದ ಹುಟ್ಟಿಕೊಂಡಿದೆ. ಕನ್ನಡ ಮತ್ತು ತೆಲುಗಿನ ಅಕ್ಷರಸಂಖ್ಯೆಯನ್ನು ಹೋಲಿಸುವ ದ್ರಾವಿಡ ಭಾಷಾಧ್ಯಯನಕ್ಕೆ ಇದು ಸಣ್ಣ ವಿಷಯವಲ್ಲ.

ವರ್ಗೀಕರಣದ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಪದಗಳನ್ನು ಬೇರ್ಪಡಿಸಲು ನಾವು ‘ಅಕ್ಷರವರ್ಗಕ್ಕೆ ಸೇರಿದವುಗಳ ಸಾಲು’ ಎಂಬ ಅರ್ಥದ ಹುಡುಕುಸೂತ್ರವನ್ನು ಬರೆಯುತ್ತೇವೆ. ‘ಸಿ’ ಲೊಕೇಲ್‌ನಲ್ಲಿ ಅಕ್ಷರವರ್ಗವೆಂದರೆ ರೋಮನ್ ಲಿಪಿಯ 52 ಅಕ್ಷರಗಳು ಮಾತ್ರ. ಕನ್ನಡ ಪಠ್ಯದಲ್ಲಿ ಒಂದು ಪದವೂ ಸಿಗದು. ಲೊಕೇಲ್ ಅನ್ನು ಅವಲಂಬಿಸದ ವ್ಯವಸ್ಥೆಗೆ ಹೋದರೆ ಸಮಸ್ಯೆ ಮುಗಿಯಿತೆ? ಪೈಥಾನ್ ಭಾಷೆಯ ಮೂಲ ಹುಡುಕು ಮಾಡ್ಯೂಲಿನಲ್ಲಿ ಪದಾಕ್ಷರದ ಸಂಕೇತವು ಸ್ವರಚಿಹ್ನೆಗಳನ್ನೂ ವಿರಾಮ ಚಿಹ್ನೆಯನ್ನೂ ಒಳಗೊಳ್ಳುವುದಿಲ್ಲ. ಹೀಗಾಗಿ ‘ಕನ್ನಡ’ ಎಂಬುದು ‘ಕನ’, ‘ನಡ’ ಎಂಬ ಎರಡು ಪದಗಳಾಗಿ ಒಡೆಯುತ್ತದೆ. ಲೊಕೇಲ್ ಅನ್ನು ಬಿಟ್ಟ ಮಾತ್ರಕ್ಕೆ ಭಾಷಿಕ ನಿರ್ಧಾರದಿಂದ ತಪ್ಪಿಸಿಕೊಂಡಂತೆ ಆಗುವುದಿಲ್ಲ. ನಿರ್ಧಾರವು ಇನ್ನೊಂದು ಕಡೆಗೆ ಸರಿಯುತ್ತದೆ, ಅಷ್ಟೆ.

4. ಅನುಕ್ರಮ: ಯಾವುದು ಮೊದಲು?

ಅಕಾರಾದಿ ಅನುಕ್ರಮದಲ್ಲಿ ಲೊಕೇಲ್‌ನ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಯೂನಿಕೋಡ್‌ನ ಭಾರತೀಯ ಲಿಪಿಗಳ ವಿನ್ಯಾಸಕ್ಕೆ 1988ರ ಇಸ್ಕಿ ಸಂಕೇತಪಟ್ಟಿ ಆಧಾರ. ಆ ಪಟ್ಟಿಯಲ್ಲಿ ಎಲ್ಲ ಲಿಪಿಗಳ ಸಮಾನ ಅಕ್ಷರಗಳಿಗೆ ಸಮಾನ ಸ್ಥಾನಗಳು. ಅದರಂತೆ ಕನ್ನಡದ ಳಕಾರಕ್ಕೆ ದೊರೆತ ಸ್ಥಾನ ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು. ಕನ್ನಡ ವರ್ಣಮಾಲೆಯಲ್ಲಾದರೋ ಅವರ್ಗೀಯ ವ್ಯಂಜನಗಳ ಸಾಲು ಯ, ರ, ಲ, ವ, ಶ, ಷ, ಸ, ಹ ಎಂದು ಸಾಗಿ ಕೊನೆಗೆ ಳ ಬರುತ್ತದೆ.

‘ಸಿ’ ಲೊಕೇಲ್‌ನಲ್ಲಿ ಸಂಕೇತಬಿಂದುಗಳ ಕ್ರಮವೇ ಅಕಾರಾದಿ ಕ್ರಮ. ಆಗ ದೊರೆಯುವ ಸಾಲು: ಕಲೆ, ಕಳೆ, ಕವಿ, ಕಸ, ಕಹಿ. ಯೂನಿಕೋಡ್ ಅನುಕ್ರಮ ಸೂತ್ರವನ್ನು ಅನುಸರಿಸುವ ಕನ್ನಡ ಲೊಕೇಲ್‌ನಲ್ಲಿ ದೊರೆಯುವ ಸಾಲು: ಕಲೆ, ಕವಿ, ಕಸ, ಕಹಿ, ಕಳೆ. ಸರ್ವನಾಮಗಳ ನೆರೆಯಲ್ಲಿಯೂ ಇದೇ ಕತೆ. ಮೊದಲನೆಯದರಲ್ಲಿ ಅವನು, ಅವರು, ಅವಳು, ಅವಸರ. ಎರಡನೆಯದರಲ್ಲಿ ಅವನು, ಅವರು, ಅವಸರ, ಅವಳು. ಬಹುವಚನದ ‘ಗಳು’ ಪ್ರತ್ಯಯ ಕನ್ನಡ ಪಠ್ಯದಲ್ಲಿ ಎಷ್ಟು ವ್ಯಾಪಕವೆಂಬುದನ್ನು ನೆನೆದರೆ ಈ ಒಂದು ಅಕ್ಷರದ ಸ್ಥಾನಪಲ್ಲಟ ಪದಪಟ್ಟಿಯಲ್ಲಿ ಎಷ್ಟು ಸಾಲುಗಳನ್ನು ಅಲುಗಾಡಿಸುತ್ತದೆ ಎಂಬುದು ತಿಳಿಯುತ್ತದೆ.

ಹಳಗನ್ನಡ ಪಠ್ಯಗಳಲ್ಲಿ ಅಂತರ ಇನ್ನೂ ಹೆಚ್ಚು. ೞಕಾರದ ಸಂಕೇತಬಿಂದು ಎಲ್ಲ ಸ್ವರಚಿಹ್ನೆಗಳೂ ವಿರಾಮ ಚಿಹ್ನೆಯೂ ಮುಗಿದ ಮೇಲೆ ಬರುತ್ತದೆ. ಸಂಕೇತಕ್ರಮದಲ್ಲಿ ‘ಕೞಿ’ ಎಂಬ ಧಾತು ‘ಕ್ರಮ’ ಎಂಬ ಪದಕ್ಕಿಂತಲೂ ಕೆಳಗೆ ಹೋಗಿ ಕೂರುತ್ತದೆ. ‘ಕಳೆ’ಯ ನೆರೆಯಲ್ಲಿ ಅದನ್ನು ಹುಡುಕುವ ಓದುಗನಿಗೆ ಅದು ಪಠ್ಯದಲ್ಲಿಯೇ ಇಲ್ಲವೆಂಬ ಭ್ರಮೆ ಉಂಟಾಗಬಹುದು. ಯೂನಿಕೋಡ್ ಅನುಕ್ರಮ ಸೂತ್ರದಲ್ಲಿ ೞಕಾರ ಳಕಾರದ ಬಳಿಯೇ ಇದೆ.

ಅನುಸ್ವಾರದ ಪ್ರಶ್ನೆ ಬೇರೆ ಬಗೆಯದು. ಇಲ್ಲಿ ಭಿನ್ನತೆ ಕೇವಲ ತಾಂತ್ರಿಕವಲ್ಲ. ಸಿಎಲ್‌ಡಿಆರ್‌ನ ಕನ್ನಡ ನಿಯಮ ಅನುಸ್ವಾರ ಮತ್ತು ವಿಸರ್ಗಗಳನ್ನು ಔಕಾರದ ನಂತರ, ಕಕಾರದ ಮೊದಲು ಇರಿಸುತ್ತದೆ. ವರ್ಣಮಾಲೆಯ ಅ ಆ ಇ ಈ ಎಂಬ ಸಾಲಿಗೆ ಇದು ಒಪ್ಪುತ್ತದೆ. ಆದರೆ ಪದದ ಒಳಗೆ ಇದರ ಫಲವೇನು? ಸ್ವರಚಿಹ್ನೆಗಳು ವ್ಯಂಜನಗಳ ನಂತರ ಬರುವುದರಿಂದ ‘ಕಂಬ’ ಎಂಬುದು ‘ಕಕ್ಕುಲತೆ’, ‘ಕಾಡು’, ‘ಕೌರವ’ ಎಲ್ಲಕ್ಕಿಂತ ಮೊದಲು ಬರುತ್ತದೆ. ಕಾಗುಣಿತದ ಕ, ಕಾ, ಕಿ, ಕೀ ... ಕೌ, ಕಂ, ಕಃ ಎಂಬ ಕ್ರಮವನ್ನು ಅನುಸರಿಸಿದರೆ ‘ಕಂಬ’ವು ‘ಕೌರವ’ದ ನಂತರ ಬರಬೇಕು. ಅನುಸ್ವಾರವನ್ನು ಮುಂದಿನ ವರ್ಗೀಯ ವ್ಯಂಜನದ ಅನುನಾಸಿಕವೆಂದು ಗ್ರಹಿಸಿದರೆ ‘ಕಂಬ’ ‘ಕಮ್ಬ’ವಾಗಿ ಮಕಾರದ ಒತ್ತಕ್ಷರಗಳ ನಡುವೆ ಸೇರಬೇಕು. ಮೊದಲನೆಯದು ಲಿಪಿಚಿಹ್ನೆಯನ್ನು ಸ್ವತಂತ್ರ ಘಟಕವೆಂದು ನೋಡುತ್ತದೆ, ಎರಡನೆಯದು ಅಕ್ಷರವನ್ನು ಘಟಕವಾಗಿ ತೆಗೆದುಕೊಳ್ಳುತ್ತದೆ, ಮೂರನೆಯದು ಧ್ವನಿಮಾವನ್ನು. ಯಾವುದೇ ಲೊಕೇಲ್ ಈ ಮೂರರಲ್ಲಿ ಒಂದನ್ನು ಆಯ್ದೇ ತೀರಬೇಕು. ಆ ಆಯ್ಕೆ ಬರಹ ಮತ್ತು ಧ್ವನಿಯ ಸಂಬಂಧದ ಕುರಿತ ಒಂದು ನಿಲುವು.

ಸಂಪ್ರದಾಯಗಳೂ ಬದಲಾಗುತ್ತವೆ. ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ ‘ಸಿಎಚ್’ ಮತ್ತು ‘ಎಲ್‌ಎಲ್’ ಜೋಡಿಗಳನ್ನು ಅಕಾರಾದಿಯಲ್ಲಿ ಪ್ರತ್ಯೇಕ ಅಕ್ಷರಗಳಾಗಿ ಎಣಿಸುವ ಪದ್ಧತಿಯನ್ನು 1994ರಲ್ಲಿ ಕೈಬಿಟ್ಟಿತು. ಸಿಎಲ್‌ಡಿಆರ್ ಇಂದು ಸ್ಪ್ಯಾನಿಷ್‌ಗೆ ಹೊಸ ಕ್ರಮವನ್ನು ಮೂಲವಾಗಿಯೂ ಹಳೆಯದನ್ನು ‘ಸಾಂಪ್ರದಾಯಿಕ’ ಎಂಬ ಬೇರೆ ಆಯ್ಕೆಯಾಗಿಯೂ ಇಟ್ಟುಕೊಂಡಿದೆ. ಒಂದು ಭಾಷೆಗೆ ಒಂದಕ್ಕಿಂತ ಹೆಚ್ಚು ಕ್ರಮಗಳು ಅಧಿಕೃತವಾಗಿ ಇರಬಹುದು, ಯಾವುದನ್ನು ಬಳಸಿದ್ದೇವೆ ಎಂದು ಹೇಳಬಹುದು ಎಂಬುದಕ್ಕೆ ಇದು ನಿದರ್ಶನ.

5. ಸಮಾನತೆ: ಯಾವ ರೂಪಗಳು ಒಂದೇ?

ಅನುಕ್ರಮ ಬದಲಾದರೆ ಪಟ್ಟಿ ಅಸ್ತವ್ಯಸ್ತವಾಗಿ ಕಾಣುತ್ತದೆ, ಗಮನಕ್ಕೆ ಬರುತ್ತದೆ. ಸಮಾನತೆಯ ನಿರ್ಧಾರ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಸಂಶೋಧನೆಯ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಅಪಾಯಕರ.

ಕನ್ನಡದಲ್ಲಿ ಇದಕ್ಕೆ ಎರಡು ಮುಖ್ಯ ಮೂಲಗಳಿವೆ. ಮೊದಲನೆಯದು ಸ್ವರಚಿಹ್ನೆಗಳ ಸಂಯೋಜನೆ. ‘ಕೋ’ ಎಂಬಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಬಿಂದುಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಭೇದವಿಲ್ಲ. ಯೂನಿಕೋಡ್ ಮಾನಕದ ದೃಷ್ಟಿಯಲ್ಲಿಯೂ ಇವು ಪೂರ್ಣವಾಗಿ ಸಮಾನ. ಬೈಟ್‌ಗಳ ಹೋಲಿಕೆಯಲ್ಲಿ ಮಾತ್ರ ಇವು ಎರಡು ಬೇರೆ ಪದಗಳು. ಈ, ಏ, ಐ, ಒ ಸ್ವರಗಳ ಚಿಹ್ನೆಗಳಿಗೂ ಇಂತಹ ಬಿಡಿಸಿದ ರೂಪಗಳುಂಟು.

ಎರಡನೆಯದು ಶೂನ್ಯ ಅಗಲದ ಅಸಂಯೋಜಕ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಸೇರದಂತೆ ತಡೆಯಲು ಈ ಅಗೋಚರ ಚಿಹ್ನೆಯನ್ನು ನಡುವೆ ಇಡುತ್ತಾರೆ. ಎಲ್ಲರೂ ಇಡುವುದಿಲ್ಲ, ಇಟ್ಟ ಲೇಖಕರೂ ಎಲ್ಲ ಕಡೆ ಇಡುವುದಿಲ್ಲ. ಯೂನಿಕೋಡ್ ಅನುಕ್ರಮ ಸೂತ್ರದ ಮೂಲ ಕೋಷ್ಟಕದಲ್ಲಿ ಈ ಚಿಹ್ನೆಗೆ ಯಾವ ತೂಕವೂ ಇಲ್ಲ. ಆ ಸೂತ್ರದ ಪ್ರಕಾರ ಹೋಲಿಸಿದರೆ ಎರಡು ರೂಪಗಳೂ ಒಂದೇ. ‘ಸಿ’ ಲೊಕೇಲ್‌ನಲ್ಲಿ ಅವು ಎರಡು. ಎರವಲು ಪದಗಳ ಅಧ್ಯಯನಕ್ಕೆ ಇದರ ಪರಿಣಾಮ ನೇರವಾದುದು. ಈ ಚಿಹ್ನೆ ಹೆಚ್ಚಾಗಿ ಬರುವುದು ವ್ಯಂಜನಾಂತವಾದ ಇಂಗ್ಲಿಷ್ ಪದಗಳಲ್ಲಿ ಮತ್ತು ಅವುಗಳಿಗೆ ಕನ್ನಡದ ಪ್ರತ್ಯಯ ಹತ್ತಿದಾಗ. ಆದುದರಿಂದ ಬೈಟ್ ಹೋಲಿಕೆಯಲ್ಲಿ ಎರವಲು ಪದಗಳ ಪದರೂಪಸಂಖ್ಯೆ ದೇಶ್ಯಪದಗಳಿಗಿಂತ ಹೆಚ್ಚು ಪ್ರಮಾಣದಲ್ಲಿ ಉಬ್ಬುತ್ತದೆ. ಪ್ರತಿಯೊಂದು ರೂಪದ ಆವರ್ತನ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ದೋಷ ಎಲ್ಲ ಕಡೆ ಸಮನಾಗಿ ಹರಡಿದ್ದರೆ ಹೋಲಿಕೆಗೆ ಧಕ್ಕೆ ಕಡಿಮೆ. ಇಲ್ಲಿ ಅದು ನಾವು ಅಳೆಯಹೊರಟ ಗುಣದ ಜೊತೆಯಲ್ಲಿಯೇ ಸಾಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಸಾಧ್ಯ. ಸಾಲುಗಳನ್ನು ಜೋಡಿಸಿ ಪುನರಾವರ್ತನೆಗಳನ್ನು ತೆಗೆದುಹಾಕುವ ಆದೇಶಗಳು ಕೆಲವು ವ್ಯವಸ್ಥೆಗಳಲ್ಲಿ ‘ಅಕಾರಾದಿ ತೂಕ ಸಮನಾದವು ಒಂದೇ’ ಎಂಬ ತತ್ತ್ವವನ್ನು ಅನುಸರಿಸುತ್ತವೆ. ಲೊಕೇಲ್ ಕಡತದಲ್ಲಿ ಒಂದು ಲಿಪಿಯ ಅಕ್ಷರಗಳಿಗೆ ತೂಕವನ್ನೇ ಕೊಟ್ಟಿಲ್ಲದಿದ್ದರೆ ಆ ಲಿಪಿಯ ಭಿನ್ನ ಪದಗಳು ಸಮಾನವೆಂದು ತೀರ್ಮಾನವಾಗಿ ಒಂದು ಮಾತ್ರ ಉಳಿದು ಮಿಕ್ಕವು ಅಳಿಸಿಹೋಗಬಹುದು. ಯೂನಿಕೋಡ್‌ಗೆ ಈಚೆಗೆ ಸೇರಿದ ಲಿಪಿಗಳಲ್ಲಿ ಕೆಲಸ ಮಾಡುವವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

6. ಸಂಖ್ಯೆ ಮತ್ತು ಮಾದರಿಗಳು

ಪ್ರಯೋಗಾತ್ಮಕ ಧ್ವನಿವಿಜ್ಞಾನದಲ್ಲಿ ಅಳತೆಗಳ ಕೋಷ್ಟಕಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಜರ್ಮನ್ ಲೊಕೇಲ್‌ನಲ್ಲಿ ದಶಮಾಂಶದ ಚಿಹ್ನೆ ಅಲ್ಪವಿರಾಮ. ಅಲ್ಲಿ ಕಾಲುಭಾಗವನ್ನು ‘0,25’ ಎಂದು ಬರೆಯುತ್ತಾರೆ. ಅಲ್ಪವಿರಾಮವೇ ದಶಮಾಂಶವಾದ ಮೇಲೆ ಅದು ಅಂಕಣಗಳನ್ನು ಬೇರ್ಪಡಿಸಲಾರದು. ಆದುದರಿಂದ ಆ ಲೊಕೇಲ್‌ಗಳಲ್ಲಿ ಕೋಷ್ಟಕದ ಅಂಕಣಗಳನ್ನು ಅರ್ಧವಿರಾಮದಿಂದ ಬೇರ್ಪಡಿಸುವುದು ರೂಢಿ. ಸಂಖ್ಯಾಶಾಸ್ತ್ರದ ‘ಆರ್’ ಭಾಷೆಯಲ್ಲಿ ಈ ಎರಡು ಬಗೆಯ ಕಡತಗಳನ್ನು ಓದಲು ಎರಡು ಪ್ರತ್ಯೇಕ ಆದೇಶಗಳೇ ಇವೆ. ಆರ್ ತನ್ನ ಒಳಗಿನ ಸಂಖ್ಯಾವಿಭಾಗವನ್ನು ಸದಾ ‘ಸಿ’ ಲೊಕೇಲ್‌ನಲ್ಲಿ ಇರಿಸಿಕೊಳ್ಳುತ್ತದೆ. ಅದನ್ನು ಬದಲಾಯಿಸಿದರೆ ವಿಚಿತ್ರ ವರ್ತನೆ ಉಂಟಾಗಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಆದರೆ ಅದೇ ಆರ್‌ನಲ್ಲಿ ಅನುಕ್ರಮ ವಿಭಾಗ ವ್ಯವಸ್ಥೆಯ ಲೊಕೇಲ್ ಅನ್ನು ಅನುಸ���ಿಸುತ್ತದೆ. ಇದು ಫಲಿತಾಂಶಗಳ ಮೇಲೆ ಬೀರುವ ಪ್ರಭಾವವನ್ನು ಗಮನಿಸಬೇಕು. ವರ್ಗಾತ್ಮಕ ಚರವೊಂದನ್ನು ಮಾದರಿಗೆ ಕೊಟ್ಟಾಗ ಆರ್ ಅದರ ಮಟ್ಟಗಳನ್ನು ಅಕಾರಾದಿಯಾಗಿ ಜೋಡಿಸಿ ಮೊದಲನೆಯದನ್ನು ಆಧಾರಮಟ್ಟವನ್ನಾಗಿ ಮಾಡಿಕೊಳ್ಳುತ್ತದೆ. ಮಿಕ್ಕ ಗುಣಾಂಕಗಳೆಲ್ಲವೂ ಆ ಆಧಾರದಿಂದ ಇರುವ ದೂರಗಳು. ಟಿಪ್ಪಣಿಕಾರರು ಒಂದು ಮಟ್ಟವನ್ನು ಸಣ್ಣಕ್ಷರದಲ್ಲಿ ‘ನೌನ್’ ಎಂದೂ ಇನ್ನೊಂದನ್ನು ದೊಡ್ಡಕ್ಷರದಿಂದ ಆರಂಭಿಸಿ ‘ವರ್ಬ್’ ಎಂದೂ ರೋಮನ್ ಲಿಪಿಯಲ್ಲಿ ಗುರುತಿಸಿದ್ದಾರೆ ಎಂದುಕೊಳ್ಳೋಣ. ‘ಸಿ’ ಲೊಕೇಲ್‌ನಲ್ಲಿ ದೊಡ್ಡಕ್ಷರಗಳೆಲ್ಲವೂ ಸಣ್ಣಕ್ಷರಗಳಿಗಿಂತ ಮೊದಲು, ಆಧಾರಮಟ್ಟ ಕ್ರಿಯಾಪದ. ಅಮೆರಿಕದ ಇಂಗ್ಲಿಷ್ ಲೊಕೇಲ್‌ನಲ್ಲಿ ಆಧಾರಮಟ್ಟ ನಾಮಪದ. ದತ್ತಾಂಶ ಅದೇ, ಮಾದರಿ ಅದೇ. ಗುಣಾಂಕದ ಧನಋಣ ಚಿಹ್ನೆ ತಿರುಗಿಬೀಳುತ್ತದೆ. ಅಂತಃಕ್ರಿಯೆಯ ಪದಗಳಿರುವ ಮಾದರಿಯಲ್ಲಿ ಮುಖ್ಯ ಪರಿಣಾಮಗಳ ಅರ್ಥವೇ ಬದಲಾಗುತ್ತದೆ. ರೋಮನ್ ಲಿಪಿಯಲ್ಲಿಯೂ ಒಂದೊಂದು ಭಾಷೆಗೆ ಒಂದೊಂದು ಕ್ರಮ: ಎಸ್ಟೋನಿಯನ್‌ನಲ್ಲಿ ‘ಜಡ್’ ಬರುವುದು ‘ಎಸ್’ ಮತ್ತು ‘ಟಿ’ಗಳ ನಡುವೆ.

ಲೊಕೇಲ್ ವ್ಯತ್ಯಾಸವೇ ಇಲ್ಲದ ಕಡೆಯೂ ಅಕಾರಾದಿಯ ಆಧಾರ ಕುರುಡಾದುದು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ಮೂರು ಮಟ್ಟಗಳನ್ನು ಕೊಟ್ಟರೆ ಮೊದಲ ಸ್ಥಾನ ನಡುಗನ್ನಡಕ್ಕೆ. ಚಾರಿತ್ರಿಕ ಅಧ್ಯಯನಕ್ಕೆ ಇದು ಸಮಂಜಸ ಆಧಾರವಾಗುವುದು ಕಷ್ಟ. ಮಟ್ಟಗಳ ಕ್ರಮವನ್ನು ಸಂಶೋಧಕರೇ ಬರೆದು ಕೊಡುವುದು ಎರಡೂ ತೊಡಕುಗಳಿಗೆ ಒಂದೇ ಪರಿಹಾರ.

7. ‘ಸಿ’ ಲೊಕೇಲ್ ತಟಸ್ಥವೆ?

ಇಷ್ಟೆಲ್ಲ ತೊಡಕುಗಳಿದ್ದರೆ ‘ಸಿ’ ಲೊಕೇಲ್ ಒಂದನ್ನೇ ಎಲ್ಲರೂ ಬಳಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ತಂತ್ರಾಂಶ ತಯಾರಕರು ಒಂದು ಮಟ್ಟಿಗೆ ಈ ದಾರಿಯನ್ನೇ ಹಿಡಿದಿದ್ದಾರೆ. ಇದಕ್ಕೆ ಒತ್ತು ಕೊಟ್ಟ ಪ್ರಸಿದ್ಧ ನಿದರ್ಶನ ಟರ್ಕಿಷ್ ಭಾಷೆಯದು. 1928ರಲ್ಲಿ ಅಂಗೀಕೃತವಾದ ಟರ್ಕಿಷ್ ವರ್ಣಮಾಲೆಯಲ್ಲಿ ಚುಕ್ಕಿಯುಳ್ಳ ‘ಐ’ ಮತ್ತು ಚುಕ್ಕಿಯಿಲ್ಲದ ‘ಐ’ ಎರಡು ಬೇರೆ ಸ್ವರಗಳು. ಪ್ರತಿಯೊಂದಕ್ಕೂ ತನ್ನದೇ ದೊಡ್ಡಕ್ಷರ, ಸಣ್ಣಕ್ಷರ. ಇಂಗ್ಲಿಷ್ ಪದವೊಂದನ್ನು ಟರ್ಕಿಷ್ ಲೊಕೇಲ್‌ನಲ್ಲಿ ಸಣ್ಣಕ್ಷರಕ್ಕೆ ಇಳಿಸಿದರೆ ಚುಕ್ಕಿಯಿಲ್ಲದ ‘ಐ’ ಬಂದು ಪದವೇ ಬೇರೆಯಾಗುತ್ತದೆ. ಜಾವಾದ ಅಧಿಕೃತ ವಿವರಣೆಯಲ್ಲಿ ಇದರ ಎಚ್ಚರಿಕೆ ಇದೆ. ಪಿಎಚ್‌ಪಿ ಭಾಷೆ 2022ರ 8.2 ಆವೃತ್ತಿಯಲ್ಲಿ ಅಕ್ಷರಗಾತ್ರ ಬದಲಿಸುವ ತನ್ನ ಮೂಲ ಆದೇಶಗಳನ್ನು ಲೊಕೇಲ್‌ನಿಂದ ಬಿಡಿಸಿತು. ಆರ್‌ನ ಜನಪ್ರಿಯ ಡಿಪ್ಲೈಆರ್ ಪ್ಯಾಕೇಜು 2023ರ 1.1.0 ಆವೃತ್ತಿಯಿಂದ ಸಾಲುಗಳನ್ನು ಜೋಡಿಸುವಾಗ ‘ಸಿ’ ಲೊಕೇಲ್ ಅನ್ನೇ ಮೂಲ ಆಯ್ಕೆಯಾಗಿ ಮಾಡಿಕೊಂಡಿದೆ.

ಸ್ಥಿರತೆಯ ದೃಷ್ಟಿಯಿಂದ ಇದಕ್ಕೆ ಬಲವಾದ ಸಮರ್ಥನೆಯಿದೆ. ಲೊಕೇಲ್ ದತ್ತಾಂಶ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. 2018ರಲ್ಲಿ ಬಂದ ಗ್ಲಿಬ್‌ಸಿ 2.28 ಆವೃತ್ತಿ ತನ್ನ ಅನುಕ್ರಮ ಕೋಷ್ಟಕಗಳನ್ನು ಐಎಸ್‌ಒ 14651 ಮಾನಕದ 2016ರ ಆವೃತ್ತಿಗೆ ಹೊಂದಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯಗಳ ಸೂಚಿಗಳು ಹೊಸ ಕ್ರಮಕ್ಕೆ ಹೊಂದದೆ, ಇರುವ ದಾಖಲೆಗಳೇ ಹುಡುಕಿದಾಗ ಸಿಗದಂತಾಗುವ ಸಂಭವ ಉಂಟಾಯಿತು; ಸೂಚಿಗಳನ್ನು ಮರಳಿ ಕಟ್ಟಬೇಕಾಯಿತು. 2022ರ ಸಿಎಲ್‌ಡಿಆರ್ 42ನೆಯ ಆವೃತ್ತಿಯಲ್ಲಿ ಇಂಗ್ಲಿಷ್ ಸಮಯದ ಅಂಕಿಗೂ ‘ಎಎಂ’, ‘ಪಿಎಂ’ಗಳಿಗೂ ನಡುವೆ ಇದ್ದ ಸಾಮಾನ್ಯ ಖಾಲಿಜಾಗವನ್ನು ಬೇರೆ ಬಗೆಯ ಕಿರಿದಾದ ಖಾಲಿಜಾಗಕ್ಕೆ ಬದಲಿಸಿದರು. ಕಣ್ಣಿಗೆ ಕಾಣದ ಈ ಬದಲಾವಣೆಯಿಂದ ಸಮಯವನ್ನು ಓದುವ ಅನೇಕ ತಂತ್ರಾಂಶಗಳು ಎಡವಿದವು.

ಹೀಗಿದ್ದರೂ ‘ಸಿ’ ಲೊಕೇಲ್ ಅನ್ನು ತಟಸ್ಥವೆನ್ನಲಾಗದು. ಇಂಗ್ಲಿಷಿಗೆ ಅದು ಸುಮಾರಾಗಿ ಸರಿಹೊಂದುವ ಕ್ರಮವನ್ನು ಕೊಡುತ್ತದೆ. ಕನ್ನಡಕ್ಕೆ ಇಸ್ಕಿಯ ಸಮಾನ ವಿನ್ಯಾಸದಿಂದ ಬಂದ ಕ್ರಮವನ್ನು ಕೊಡುತ್ತದೆ. ಳಕಾರವನ್ನು ಲಕಾರದ ಪಕ್ಕದಲ್ಲಿರಿಸಿದ್ದು ಒಂದು ವರ್ಣನೆಯೇ; ಕನ್ನಡದ ಸಂಪ್ರದಾಯವನ್ನು ಆಧರಿಸಿದ ವರ್ಣನೆ ಅದಲ್ಲ. ಜೊತೆಗೆ ಇನ್ನೊಂದು ಮುಖ್ಯ ಭೇದವಿದೆ. ಸಂಕೇತಬಿಂದುಗಳ ಸ್ಥಾನವನ್ನೂ ಹೆಸರನ್ನೂ ಯೂನಿಕೋಡ್‌ನ ಸ್ಥಿರತಾ ನೀತಿ ಬದಲಾಯಿಸಲು ಬಿಡುವುದಿಲ್ಲ. ೞಕಾರಕ್ಕೆ ಮಾನಕದಲ್ಲಿ ‘ಕನ್ನಡ ಅಕ್ಷರ ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಅದು ತಪ್ಪೆಂದು ಮಾನಕದಲ್ಲಿಯೇ ಟಿಪ್ಪಣಿಯಿದೆ, ಆದರೂ ಮೂಲ ಹೆಸರು ಹಾಗೆಯೇ ಉಳಿಯುತ್ತದೆ. ಲೊಕೇಲ್ ದತ್ತಾಂಶ ಇಂತಹುದಲ್ಲ. ಅದು ತಿದ್ದಬಹುದಾದುದು, ಬದಲಾಗುತ್ತದೆ ಎಂಬ ದೌರ್ಬಲ್ಯವೇ ಅದರ ಬಲ. ಕನ್ನಡದ ಬಗ್ಗೆ ಭಾಷಾವಿಜ್ಞಾನ ತಿಳಿದದ್ದನ್ನು ಗಣಕಕ್ಕೆ ಹೇಳಲು ಇರುವ ತೆರೆದ ಬಾಗಿಲು ಅದು.

8. ದಾಖಲಿಸಬೇಕಾದ ವಿವರಗಳು

ಮೇಲಿನ ವಿವೇಚನೆಯಿಂದ ಕೆಲವು ಕಾರ್ಯರೂಪದ ಸೂಚನೆಗಳು ಹೊರಡುತ್ತವೆ.

ಮೊದಲನೆಯದಾಗಿ, ಲೆಕ್ಕದ ಲೊಕೇಲ್ ಮತ್ತು ಪ್ರಕಟಣೆಯ ಲೊಕೇಲ್ ಎರಡನ್ನೂ ಬೇರ್ಪಡಿಸಬೇಕು. ಕಡತಗಳನ್ನು ಜೋಡಿಸುವ, ಹೊಂದಿಸುವ, ಪುನರಾವರ್ತನೆ ತೆಗೆಯುವ ನಡುವಣ ಹಂತಗಳಲ್ಲಿ ಒಂದೇ ಲೊಕೇಲ್ ಇರಬೇಕು. ಬೈಟ್‌ಕ್ರಮ ಅಲ್ಲಿ ಯೋಗ್ಯ. ಓದುಗರ ಮುಂದಿಡುವ ಪದಪಟ್ಟಿ, ಪದಾನುಕ್ರಮಣಿಕೆ, ನಿಘಂಟುಗಳಿಗೆ ಕನ್ನಡದ ಲೊಕೇಲ್ ಅನ್ನೇ ಬಳಸಬೇಕು.

ಎರಡನೆಯದಾಗಿ, ಹೋಲಿಕೆಗೆ ಮೊದಲು ಸ್ವರಚಿಹ್ನೆಗಳ ರೂಪವನ್ನು ಏಕರೀತಿಗೆ ತರಬೇಕು. ಶೂನ್ಯ ಅಗಲದ ಚಿಹ್ನೆಗಳನ್ನು ಉಳಿಸಿದೆವೆ, ತೆಗೆದೆವೆ ಎಂಬುದನ್ನು ಹೇಳಬೇಕು. ಈ ನಿರ್ಧಾರವನ್ನು ಲೊಕೇಲ್‌ಗೆ ಬಿಡಬಾರದು.

ಮೂರನೆಯದಾಗಿ, ಉದ್ದವನ್ನು ಅಳೆದಲ್ಲೆಲ್ಲ ಘಟಕವನ್ನು ಹೆಸರಿಸಬೇಕು: ಬೈಟ್, ಸಂಕೇತಬಿಂದು, ಗ್ರಾಫೀಮ್ ಗುಚ್ಛ, ಅಕ್ಷರ ಅಥವಾ ಧ್ವನಿಮಾ. ‘ಕನ್ನಡ’ ಎಂಬ ಒಂದು ಪದಕ್ಕೇ 15, 5, 4, 3, 7 ಎಂಬ ಐದು ಉತ್ತರಗಳಿರುವಾಗ ‘ಅಕ್ಷರಸಂಖ್ಯೆ’ ಎಂಬ ಮಾತು ಮಾತ್ರ ಸಾಲದು.

ನಾಲ್ಕನೆಯದಾಗಿ, ಕಾರ್ಯಾಚರಣಾ ವ್ಯವಸ್ಥೆ, ಗ್ಲಿಬ್‌ಸಿ ಅಥವಾ ಐಸಿಯು ಆವೃತ್ತಿ, ಲೊಕೇಲ್ ವಿಭಾಗಗಳ ಮೌಲ್ಯ ಇವುಗಳನ್ನು ದತ್ತಾಂಶದ ಜೊತೆಯಲ್ಲಿಯೇ ಒಂದು ಪುಟ್ಟ ಕಡತವಾಗಿ ಇಡಬೇಕು. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ವಿಭಾಗಗಳ ಮೌಲ್ಯವನ್ನು ಒಂದೇ ಆದೇಶ ಮುದ್ರಿಸಿಕೊಡುತ್ತದೆ, ಶ್ರಮ ಅತ್ಯಲ್ಪ.

9. ಉಪಸಂಹಾರ

ಲೊಕೇಲ್‌ನ ಹೆಸರೇ ಭಾಷೆಯನ್ನು ಒಂದು ದೇಶಕ್ಕೆ ಕಟ್ಟಿಹಾಕುತ್ತದೆ. ಕನ್ನಡದ ಉಪಭಾಷೆಗಳಿಗೆ ಅದರಲ್ಲಿ ಸ್ಥಳವಿಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೆ, ಗ್ಲಿಬ್‌ಸಿಯ ಕೊಂಕಣಿ ಲೊಕೇಲ್ ದೇವನಾಗರಿಯಲ್ಲಿರುವುದರಿಂದ, ಅದು ಒದಗಿಬರುವುದಿಲ್ಲ. ಕನ್ನಡದ ಲೊಕೇಲ್ ಬಳಸಿದರೆ ಕೊಂಕಣಿಯ ಮೇಲೆ ಕನ್ನಡದ ವರ್ಣನೆಯನ್ನು ಹೊರಿಸಿದಂತಾಗುತ್ತದೆ. ಇಂತಹ ತೆರಪುಗಳನ್ನು ಗುರುತಿಸಬಲ್ಲವರು ಆ ಭಾಷೆಗಳನ್ನು ಅಧ್ಯಯನ ಮಾಡುವವರೇ.

ಸಿಎಲ್‌ಡಿಆರ್‌ಗೆ ಸಲಹೆ ತಿದ್ದುಪಡಿಗಳನ್ನು ಸಲ್ಲಿಸಲು ಸಾರ್ವಜನಿಕ ವ್ಯವಸ್ಥೆಯಿದೆ. ಗ್ಲಿಬ್‌ಸಿಯ ಲೊಕೇಲ್ ಕಡತಗಳೂ ಮುಕ್ತವಾಗಿ ಓದಲು ಸಿಗುತ್ತವೆ. ಅನುಸ್ವಾರದ ಸ್ಥಾನ, ಒತ್ತಕ್ಷರದ ಘಟಕತ್ವ, ಱ ಮತ್ತು ೞಗಳ ನೆಲೆ ಇವು ಕನ್ನಡ ವ್ಯಾಕರಣ ಪರಂಪರೆಯೂ ಆಧುನಿಕ ಧ್ವನಿಮಾವಿಜ್ಞಾನವೂ ಚರ್ಚಿಸುತ್ತ ಬಂದಿರುವ ಪ್ರಶ್ನೆಗಳು. ಇವುಗಳಿಗೆ ಒಂದೊಂದು ಉತ್ತರ ಈಗಾಗಲೇ ಗಣಕಗಳಲ್ಲಿ ಪ್ರತಿದಿನ ಜಾರಿಯಲ್ಲಿದೆ. ಡಾಕ್ಟರೇಟ್ ವಿದ್ಯಾರ್ಥಿಯೊಬ್ಬರು ಕನ್ನಡದ ಲೊಕೇಲ್ ಕಡತವನ್ನು ತೆರೆದು, ಅದನ್ನು ಒಂದು ವ್ಯಾಕರಣಗ್ರಂಥವನ್ನು ಓದುವ ಎಚ್ಚರದಿಂದ ಓದಿ, ಅದರ ಒಂದೊಂದು ನಿಯಮಕ್ಕೂ ಆಧಾರ ಕೇಳಿದರೆ ಅದು ಉಪಯುಕ್ತ ಸಂಶೋಧನೆಯೇ ಆಗುತ್ತದೆ.